ನಿಮ್ಮ ಹಳೇ ಕಂಪ್ಯೂಟರುಗಳ ಗತಿ

ಮಡಕಶಿರ,
ಕಾರ್ತಿಕದ ಎರಡನೇ ಸೋಮವಾರ, ೨೦೦೯

ಸಂಧ್ಯಾಳ ಅಪ್ಪನವರಿಗೆ,

ತಿರುಪ್ಪೂರಿನಲ್ಲಿ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಆ ಊರಿನ ನೀರಿಗೆ ಹೊಟ್ಟೆ ಕೆಡುತ್ತದೆ ಎನ್ನುತ್ತಿದ್ದಿರಿ, ಕಾಯಿಸಿ ಕುಡಿಯಿರಿ. ಇಷ್ಟು ಕೇಳುವುದು ಧರ್ಮ, ಕೇಳಿದ್ದಾಯಿತು. ‘ಪ್ರೀತಿಯ’ ಎಂದು ಬರೆಯಲು ಹೋದೆ, ಪೆನ್ನು ಮುಂದೆ ಹೋಗಲಿಲ್ಲ. ಫೋನಿನಲ್ಲೇ ಹೇಳಬಹುದಿತ್ತು; ಆದರೆ ಫೋನಿನಲ್ಲಿ ನೀವು ಅಡ್ಡ ಬಾಯಿ ಹಾಕುತ್ತೀರಿ. ಕಾಗದವನ್ನು ಕೊನೆಯವರೆಗೆ ಓದಲೇಬೇಕು.

ಆ ಹಳೇ ಕಂಪ್ಯೂಟರುಗಳಲ್ಲಿ ಮೊದಲನೆಯದನ್ನು ರಾಯದುರ್ಗದ ಗುಜರಿ ಅಂಗಡಿ ಸಣ್ಣಬಸಪ್ಪನ ಹತ್ತಿರ ಕೊಂಡು ತಂದಾಗ ನಾನು ಬೈಯಲಿಲ್ಲ. ಟೈಪ್‌ರೈಟರಿನ ಹಾಗಿರುವ, ಟಿವಿಗೆ ಸಿಕ್ಕಿಸಿ ಓಡಿಸುವ, ನಾವು ಹುಟ್ಟಿದ ಕಾಲದ ಮನೆ ಕಂಪ್ಯೂಟರ್. ಜೀನ್ಸ್ ಯೂನಿಟ್ಟಿನಲ್ಲಿ ದಿನವೆಲ್ಲಾ ಹೊಲಿಗೆ ಮಿಷನ್ ರಿಪೇರಿ ಮಾಡಿ ಬಂದವರು ಊಟ ಬಿಟ್ಟು ಅದರ ಮುಂದೆ ಕೂತಿರಿ. ತುಕ್ಕು ಕೆರೆದಿರಿ, ಸತ್ತ ಬಿಡಿಭಾಗ ಕಿತ್ತು ಹೊಸದು ಬೆಸೆದಿರಿ, ಹಳದಿಗಟ್ಟಿದ ಪ್ಲಾಸ್ಟಿಕ್ಕಿಗೆ ಕೂದಲು ಬಿಳಿ ಮಾಡುವ ಔಷಧಿ ಬಳಿದು ಮಾಳಿಗೆಯ ಮೇಲೆ ಅತ್ತೆಯ ಸಂಡಿಗೆಯ ಪಕ್ಕ ಬಿಸಿಲಿಗಿಟ್ಟಿರಿ. ಟಿವಿಯಲ್ಲಿ ಸಂಧ್ಯಾಳ ಹೆಸರು ಮೂಡಿದಾಗ ಮಗು ಕುಣಿಯಿತು, ನಾನೂ ನಕ್ಕೆ. ಆ ನಗುವನ್ನೇ ನೀವು ಪರವಾನಗಿ ಎಂದುಕೊಂಡಿರಿ.

ತಿರುಪ್ಪೂರಿಗೆ ಹೋಗಿದ್ದು ದುಡಿಯಲು. ಆದರೆ ಬಟ್ಟೆಯ ಲಾರಿಯಲ್ಲಿ ಮನೆಗೆ ಬರುತ್ತಿದ್ದದ್ದು ಆ ಕಡೆಯ ಗುಜರಿಯ ಕಂಪ್ಯೂಟರುಗಳು. ಒಂದು ಕೋಣೆ, ಒಂದು ಪಡಸಾಲೆಯ ಮನೆ ನಮ್ಮದು. ಕೋಣೆ ಅವಕ್ಕಾಯಿತು, ಪಡಸಾಲೆಯಲ್ಲಿ ನಾವು ಮೂವರು ಹೆಂಗಸರು ಕಾಲು ಮಡಚಿ ಮಲಗಿದೆವು. ಒದ್ದೆ ತಾಗದಂತೆ ನೋಡು, ಧೂಳು ಹೊಡೆ, ಇಲಿ ವೈರು ಕಡಿದೀತು ಎಂದು ಫೋನು ಮಾಡುತ್ತಿದ್ದಿರಿ. ನಿಮ್ಮ ತಾಯಿಯ ಮಂಡಿನೋವನ್ನು ಒಮ್ಮೆಯೂ ಕೇಳಲಿಲ್ಲ.

ದಸರೆಗೆ ಬಂದಾಗಲೂ ಬೆಸುಗೆ ಕಡ್ಡಿ ಹಿಡಿದೇ ಕೂತಿರಿ. ಹೊರಡುವ ದಿನ ಕರೆಂಟು ಹೋಗಿತ್ತು. ಬಸ್ಸಿಗೆ ಹೊತ್ತಾಯಿತೆಂದು, ಮುಚ್ಚಳ ಬಿಚ್ಚಿಟ್ಟಿದ್ದ, ಕಂಪ್ಯೂಟರಿಗೆ ಕರೆಂಟು ಕೊಡುವ ಪವರ್ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿ ಎದ್ದಿರಿ. ಪ್ಲಗ್ಗು ಕೀಳಲಿಲ್ಲ, ಸ್ವಿಚ್ಚು ಆರಿಸಲಿಲ್ಲ. ನೀವು ಕಲ್ಯಾಣದುರ್ಗ ದಾಟುವ ಮೊದಲೇ ಕರೆಂಟು ಬಂತು. ನಾನು ಜೀನ್ಸ್ ಯೂನಿಟ್ಟಿಗೆ ಹೊಲಿಗೆ ಕೆಲಸಕ್ಕೆ ಹೋಗಿದ್ದೆ. ಉರುಳಿಹೋದ ಬಳಪ ತೆಗೆಯಲು ಸಂಧ್ಯಾ ಮಂಚದ ಕೆಳಗೆ ಕೈ ಚಾಚಿದ್ದಾಳೆ. ಅತ್ತೆ ಮುದ್ದೆ ಕೋಲಿನಿಂದ ಹೊಡೆದು ಕೈ ಬಿಡಿಸದಿದ್ದರೆ ಈ ಕಾಗದ ಬೇರೆಯೇ ಆಗುತ್ತಿತ್ತು. “ಕೂಸು ಕೂಗ್ಲೇ ಇಲ್ಲವ್ವಾ, ಸುಮ್ನ ನಡುಗ್ತಿತ್ತು” ಎಂದು ಈಗಲೂ ಅತ್ತೆ ನಿದ್ದೆಯಲ್ಲಿ ಎದ್ದು ಕೂರುತ್ತಾರೆ.

ಆಸ್ಪತ್ರೆಯಿಂದ ಮಾಡಿದ ಫೋನು ನೀವು ತಿರುಪ್ಪೂರು ತಲುಪಿದ ಮೇಲೇ ನಿಮಗೆ ಸಿಕ್ಕಿತು. ನಿಮ್ಮ ಬಾಯಿಂದ ಬಂದ ಮೊದಲ ಮಾತು: “ಯಾವ ಡಬ್ಬಿ? ಕರೇದಾ, ಬೂದಿ ಬಣ್ಣದ್ದಾ? ಸುಟ್ಟೈತೇನು ನೋಡು, ಅದು ಮತ್ತ ಸಿಗಂಗಿಲ್ಲ.” ಆಮೇಲೆ ಮಗುವನ್ನು ಕೇಳಿದಿರಿ, ಅತ್ತಿರಿ ಕೂಡ. ಆದರೆ ಆಮೇಲೆ. ಬನ್ನಿ ಎಂದರೆ ಆರ್ಡರು ಮುಗಿಯದೆ ರಜೆ ಕೊಡುವುದಿಲ್ಲ ಎಂದಿರಿ.

ಈಗ ಕೇಳಿ. ಸಣ್ಣಬಸಪ್ಪನನ್ನು ಕರೆಸಿ, ಎಲ್ಲವನ್ನೂ ಅಂಗಳಕ್ಕೆ ಹೊರಿಸಿ, ನನ್ನ ಕಣ್ಣೆದುರೇ ಒಡೆಯಲು ಹೇಳಿದೆ. ಅವನು ಸುತ್ತಿಗೆ ಹಿಡಿದು ನಿಂತುಬಿಟ್ಟ. “ಬ್ಯಾಡ್ರಿ ಅಕ್ಕಾ. ಗೋವರ್ಧನಣ್ಣ ಇವಕ್ಕ ಜೀವ ಕೊಟ್ಟಾನ. ಬಂದು ಕೇಳಿದ್ರ ಏನ್ ಹೇಳ್ಲಿ?” ಅಷ್ಟರಲ್ಲಿ ನಿಮ್ಮ ತಾಯಿಯೇ ಕುಂಟುತ್ತಾ ಬಂದರು. “ಚಿತ್ತಮ್ಮ ಒಡಿಸ್ಯಾಳ, ಹೆತ್ತಾಕಿ ಒಡಿಸ್ಯಾಳ ಅಂತ ಹೇಳು. ಹೂಂ, ಹೊಡಿ” ಎಂದರು. ನೀವು ಬಿಳಿ ಮಾಡಿದ್ದ ಪ್ಲಾಸ್ಟಿಕ್ಕು ಒಣ ಸಂಡಿಗೆಯಂತೆ ಪುಡಿಯಾಯಿತು. ಒಂದನ್ನೂ ಉಳಿಸಲಿಲ್ಲ. ಸಂತೋಷವಾಯಿತೇ ಎಂದು ಕೇಳಬೇಡಿ. ಆಯಿತು.

ರಾಯದುರ್ಗದ ಮನೆಗೆ ಬೀಗ ಹಾಕಿ, ಮಗುವನ್ನೂ ಅತ್ತೆಯನ್ನೂ ಕರೆದುಕೊಂಡು ನನ್ನ ತವರಿಗೆ ಬಂದಿದ್ದೇನೆ. ಬೀಗದ ಕೈ ಪಕ್ಕದ ಮನೆ ಮೈಲಾರಮ್ಮನ ಹತ್ತಿರವಿದೆ. ಹಗಲು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತೇನೆ. ಅಪ್ಪ ಪಾಪಣ್ಣನವರು ನಿಮ್ಮ ಮೇಲೆ ಕೆಂಡವಾಗಿದ್ದಾರೆ. “ಬರ್ಲಿ ಅವ್ನು, ಸೊಪ್ಪು ಕೊಯ್ಯೋ ಕುಡ್ಲು ಮಸ್ದು ಮಡಗಿವ್ನಿ” ಎನ್ನುತ್ತಾರೆ. ನಾನು ತಡೆಯಲು ಹೋಗಿಲ್ಲ.

ನಿಮ್ಮ ತಾಯಿ ಆಶೀರ್ವಾದ ಬರಿ ಎಂದರು, ಬರೆದಿದ್ದೇನೆ. ನನ್ನ ಕಡೆಯಿಂದ ಏನೂ ಇಲ್ಲ.

ಇಂತಿ,
ಸೌಭಾಗ್ಯ

ಮರೆತ ಮಾತು: ಸಂಧ್ಯಾಳ ಸುಟ್ಟ ಕೈಯ ಎರಡು ಬೆರಳು ಮಡಚಿಕೊಂಡು ಅಂಟಿವೆ. ಬರುವ ವಾರ ಗುರುವಾರ ಅನಂತಪುರದ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್. ಇಲ್ಲಿ ಕೇಳಿದವರಿಗೆಲ್ಲಾ ಅವಳು ಒಲೆ ಮುಟ್ಟಿ ಸುಟ್ಟುಕೊಂಡೆ ಎನ್ನುತ್ತಿದ್ದಾಳೆ. ಯಾಕೆ ಸುಳ್ಳು ಹೇಳುತ್ತೀ ಎಂದು ನಿನ್ನೆ ಗದರಿಸಿದೆ. “ನಿಜ ಹೇಳಿದ್ರ ಎಲ್ಲಾರೂ ಅಪ್ಪನ್ನ ಬೈತಾರಲ್ಲಮ್ಮಾ” ಅಂದಳು. ರಜೆ ಕೊಡದಿದ್ದರೆ ಕೆಲಸ ಬಿಟ್ಟು ಬನ್ನಿ. ನನ್ನ ಜೊತೆ ಮಾತಾಡಬೇಡಿ, ಅವಳ ಪಕ್ಕ ಕೂತುಕೊಳ್ಳಿ.