ಅಕ್ಕನ ಭಾರದ ಬೆಲ್ಲ

ಸಾವಳಗಿ
ಸೋಮವಾರ, ೯ ನವೆಂಬರ್ ೧೯೫೩

ಪ್ರೀತಿಯ ಮಾವನವರಿಗೆ ಪರಮಾನಂದನ ನಮಸ್ಕಾರಗಳು.

ನಿಮ್ಮ ಮನೆಯಲ್ಲಿ ಉಣಬಾರದ್ದನ್ನು ಉಣಿಸಿ ನನ್ನ ಅಕ್ಕನ, ನಿಮ್ಮ ಹೆಂಡತಿಯ, ಕಾಲು ಕೆಡಿಸಿದ್ದಾರೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕ್ಷೇಮಸಮಾಚಾರ ಮೊದಲು ಬರೆದರೆ ನನ್ನ ಕೈ ಮೆತ್ತಗಾಗುತ್ತದೆ.

ನಿಮ್ಮ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಕ್ಷಮಿಸಿರಿ. ದಸರೆಯಿಂದ ಬನಹಟ್ಟಿಯ ನೇಕಾರರ ಸಂಘದಲ್ಲಿ ನೂಲು ಹಂಚುವ ಕೆಲಸ ವಿಪರೀತವಾಗಿತ್ತು. ಅಕ್ಕ ಚೆನ್ನಾಗಿದ್ದಾಳೆ ಎಂದು ನಾನೂ ನಂಬಿದ್ದೆ, ನೀವೂ ಬಿಜಾಪುರದ ಕಚೇರಿಯಲ್ಲಿ ಕೂತು ಅದನ್ನೇ ನಂಬಿದ್ದೀರಿ. ದೀಪಾವಳಿಗೆ ನಿಮಗೆ ರಜೆ ಸಿಗಲಿಲ್ಲ. ಸಿಕ್ಕಿದ್ದರೆ ಪಾಡ್ಯದ ದಿನ ಬೀರೇಶ್ವರ ಗುಡಿಯಲ್ಲಿ ನಡೆದದ್ದನ್ನು ನೀವೇ ನೋಡುತ್ತಿದ್ದಿರಿ.

ಆಷಾಢದಲ್ಲಿ ಅಕ್ಕನ ಹೆಬ್ಬೆರಳಿಗೆ ಜಾಲಿಮುಳ್ಳು ಚುಚ್ಚಿದ್ದು, ಗಾಯ ಮಾಯದೆ ಹೋದದ್ದು, ನೀವು ಮತ್ತು ನಾನು ಆಕೆಯನ್ನು ಮಿರಜಿಗೆ ಕರೆದೊಯ್ದದ್ದು ನಿಮಗೆ ನೆನಪಿದೆ. ಮೂತ್ರದಲ್ಲಿ ಸಕ್ಕರೆ ಇದೆ, ಮೈ ಬಹಳ ಭಾರವಾಗಿದೆ, ಬಾಯಿ ಕಟ್ಟಿ ಮೈ ಇಳಿಸಿದರೆ ಗಾಯ ತಾನೇ ಒಣಗುತ್ತದೆ, ಇಲ್ಲದಿದ್ದರೆ ಮೇಲಕ್ಕೇರುತ್ತದೆ ಎಂದು ಡಾಕ್ಟರು ನಿಮ್ಮ ಎದುರಿಗೇ ಹೇಳಿದರು. ಬೆಲ್ಲ, ಸಕ್ಕರೆ, ಅನ್ನ ಮುಟ್ಟಬಾರದು. ಒಂದೊಂದೇ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ನೀರು ಮಜ್ಜಿಗೆ. ನಾನು ಪ್ರಕೃತಿ ಚಿಕಿತ್ಸೆಯ ಕಿರುಹೊತ್ತಗೆಗಳನ್ನು ತಂದು ಆಕೆಗೆ ಓದಿ ಹೇಳಿದೆ. ಆಕೆ ನಕ್ಕಳು. "ಹೊಟ್ಟಿಗೆ ಹಾಕೋದ ಬಿಡು ಅನ್ನಾಕ ಇಷ್ಟ ಪುಸ್ತಕ ಬೇಕೇನೋ?" ಅಂದಳು. ಆದರೆ ಮಾಡಿದಳು. ಪಂಚಮಿಯ ಉಂಡಿ ಮುಟ್ಟಲಿಲ್ಲ, ಗಣಪತಿಯ ಕಡಬು ಮುಟ್ಟಲಿಲ್ಲ.

ಹಬ್ಬದ ಸಾಲಿನಲ್ಲಿ ಬಾಯಿ ಕಟ್ಟುವುದು ಎಷ್ಟು ಕಷ್ಟವೆಂದು ನನ್ನ ಹೊತ್ತಗೆಗಳನ್ನು ಬರೆದವರಿಗೆ ಗೊತ್ತಿಲ್ಲ. ಅವರು ಒಬ್ಬನೇ ಕೂತು ಉಣ್ಣುವ ಮನುಷ್ಯನಿಗೆ ಬರೆದಿದ್ದಾರೆ. ನಮ್ಮ ಕಡೆ ಯಾರು ಒಬ್ಬರೇ ಕೂತು ಉಣ್ಣುತ್ತಾರೆ? ನವರಾತ್ರಿಯಲ್ಲಿ ನಾನು ಬಂದಾಗ ಪಕ್ಕದ ಮನೆಯ ಹಾಲವ್ವ ಶೇಂಗಾ ಹೋಳಿಗೆ ಹಿಡಿದುಕೊಂಡು ಬಂದಿದ್ದಳು. ಅಕ್ಕ ಒಲ್ಲೆ ಅಂದಳು.

"ಹಬ್ಬದಾಗ ಬರೇ ಸೊಪ್ಪ ತಿಂತಿ, ನೀ ಏನ್ ಆಡ ಆಗೀಯೇನ ಬೇ?" ಎಂದಳು ಹಾಲವ್ವ.

"ಆಡ ಆದ್ರ ಛಲೋನ ಆತಲ್ಲ, ಅತ್ತಿ ನನ್ನೂ ಹಟ್ಟ್ಯಾಗ ಎಣಸ್ತಾಳ," ಎಂದಳು ಅಕ್ಕ.

ಎಲ್ಲರೂ ನಕ್ಕರು, ನಿಮ್ಮ ಅವ್ವ ಸೋಮವ್ವ ಮಾತ್ರ ನಗಲಿಲ್ಲ. "ಹಟ್ಟ್ಯಾಗಿನ ಕುರಿ ಮೈ ತುಂಬಕೊಂಡು ಮೆರೀತಾವು, ಮನ್ಯಾಗಿನ ಸೊಸಿ ಬಡಕ ಆಗ್ಯಾಳ. ಸೋಮವ್ವ ಸೊಸಿಗೆ ಕೂಳ ಹಾಕೂದಿಲ್ಲ ಅಂತಾರ ಮಂದಿ," ಎಂದಳು. ಆ ವಾರ ಬಳೆಗಾರ ಬಂದು ಅಕ್ಕನಿಗೆ ಸಣ್ಣ ಅಳತೆಯ ಬಳೆ ಇಟ್ಟನಂತೆ. ಮದುವೆಯಾದವಳ ಬಳೆ ಸಣ್ಣದಾಗುವುದು ಗಂಡನಿಗೆ ಒಳ್ಳೆಯದಲ್ಲ ಎಂದು ನಿಮ್ಮ ಅವ್ವ ಎರಡು ದಿನ ಮಾತು ಬಿಟ್ಟಳು. ಗಂಡನ ಆಯುಷ್ಯ ಹೆಂಡತಿಯ ಬಳೆಯ ಅಳತೆಯಲ್ಲಿ ಇರುವುದಾದರೆ ಡಾಕ್ಟರರೇಕೆ, ಬಳೆಗಾರರೇ ಸಾಕು. ಹೀಗೆ ಅಂದದ್ದಕ್ಕೆ ಅಕ್ಕ ನನ್ನ ಮೊಣಕೈ ಚಿವುಟಿದಳು.

ಆಗ ಬೆರಳಿನ ಗಾಯ ಅಂಚಿನಿಂದ ಒಣಗುತ್ತ ಬಂದಿತ್ತು. ನಾನೇ ಬಿಚ್ಚಿ ನೋಡಿದ್ದೇನೆ. ಶೀಗಿ ಹುಣ್ಣಿಮೆಗೆ ಆಕೆ ಬುಟ್ಟಿ ಹೊತ್ತು ಹೊಲಕ್ಕೆ ನಡೆದುಕೊಂಡು ಹೋಗಿ, ಎಲ್ಲರಿಗೂ ಬಡಿಸಿ, ತಾನು ರೊಟ್ಟಿ ಪಲ್ಯ ಉಂಡು ಬಂದಳು. ಆ ದಿನ ನಾನು ಬನಹಟ್ಟಿಗೆ ಮರಳುವಾಗ, ಈ ಯುದ್ಧ ಗೆದ್ದೆವು ಎಂದುಕೊಂಡೆ.

ಆಮೇಲಿನ ಎರಡು ವಾರ ನಾನು ಬರಲಿಲ್ಲ. ಆ ಎರಡು ವಾರದಲ್ಲಿ ಏನೇನಾಯಿತೆಂದು ಈಗ ಹಾಲವ್ವ ಹೇಳುತ್ತಾಳೆ. ಮುಂಜಾನೆ ತುಪ್ಪ ಬೆಲ್ಲ ಕಲಸಿದ ರೊಟ್ಟಿ. ಮಧ್ಯಾಹ್ನ ಬೆಲ್ಲದ ಹುಗ್ಗಿ. ಸಂಜೆ ಕರ್ಚಿಕಾಯಿ. ಅಕ್ಕ ನಡೆಯುವುದನ್ನೂ ಬಿಟ್ಟು ಕಟ್ಟೆಯ ಮೇಲೆ ಕೂತಿದ್ದಳಂತೆ. ಕಾಲಿಗೆ ಬಟ್ಟೆ ಸುತ್ತಿಕೊಂಡು, ಯಾರೂ ನೋಡದಂತೆ ಸೀರೆಯ ಅಂಚು ಎಳೆದುಕೊಂಡು.

ಪಾಡ್ಯದ ದಿನ ನಾನು ಬಂದಾಗ ಮನೆಗೆ ಬೀಗ ಹಾಕಿತ್ತು. ಎಲ್ಲರೂ ಗುಡಿಯಲ್ಲಿದ್ದರು. ಗುಡಿಯ ಪೌಳಿಯಲ್ಲಿ ಕಾಳಿನ ಚೀಲ ತೂಗುವ ಅಡತಿ ಅಂಗಡಿಯಿಂದ ತಂದ ದೊಡ್ಡ ತಕ್ಕಡಿ ತೂಗುಹಾಕಿದ್ದರು. ಒಂದು ತಟ್ಟೆಯಲ್ಲಿ ಅಕ್ಕ ಕೂತಿದ್ದಾಳೆ, ಇನ್ನೊಂದರಲ್ಲಿ ಪೂಜಾರಿ ಮುದಕಪ್ಪ ಬೆಲ್ಲದ ಪೆಂಟಿ ಏರಿಸುತ್ತಿದ್ದಾನೆ. ಹರಕೆಯಂತೆ. ತನ್ನ ಭಾರದಷ್ಟು ಬೆಲ್ಲ ದೇವರಿಗೆ. ಮೈ ಇಳಿಸಿಕೊಂಡು ತಕ್ಕಡಿ ಏರಿದರೆ ದೇವರ ಪಾಲು ಕದ್ದಂತೆ ಎಂದು, ಹರಕೆ ಹೊತ್ತಾಗ ಎಷ್ಟು ಭಾರವಿದ್ದಳೋ ಅಷ್ಟು ಭಾರಕ್ಕೆ ಆಕೆಯನ್ನು ಮರಳಿ ತಂದಿದ್ದರು. ಪೆಂಟಿ ಏರಿದಂತೆ ನಿಮ್ಮ ಅವ್ವನ ಮುಖ ಅರಳುತ್ತಿತ್ತು. ಅಕ್ಕನ ತುಟಿ ಬಿಳಿಚಿತ್ತು. ನಾನು ಹತ್ತಿರ ಹೋದೊಡನೆ ವಾಸನೆ ಬಂತು. ಊದಿನಕಡ್ಡಿಯ ಹೊಗೆಯಲ್ಲೂ ಆ ವಾಸನೆ ಅಡಗಿರಲಿಲ್ಲ.

ಎಲ್ಲರ ಎದುರಿಗೆ ನಾನು ಬಟ್ಟೆ ಬಿಚ್ಚಿದೆ. ಹೆಬ್ಬೆರಳು ಕಪ್ಪಾಗಿದೆ ಮಾವ. ಅದರ ಪಕ್ಕದ್ದೂ ಕಪ್ಪಾಗಿದೆ. ಪಾದದ ಮೇಲೆ ಕೆಂಪು ಏರಿದೆ.

"ಯಾರ ಸಲುವಾಗಿ ಈ ಹರಕಿ? ಯಾರ ಹೊತ್ತದ್ದು?" ಎಂದು ಕೂಗಿದೆ.

"ಅದನ್ನ ನಿಮ್ಮ ಅಕ್ಕನ್ನ ಕೇಳು. ದೇವರ ಮುಂದ ಕಿರಚಬ್ಯಾಡ," ಎಂದಳು ನಿಮ್ಮ ಅವ್ವ.

ಕೇಳುವ ವ್ಯವಧಾನ ನನಗಿರಲಿಲ್ಲ. ಮುದಕಪ್ಪನಿಗೂ ಅಂದೆ, ನಿನ್ನ ದೇವರಿಗೆ ಮನುಷ್ಯರ ಕೊಬ್ಬು ತೂಗಿ ಕೊಡಬೇಕೇನು ಎಂದು. ಅವನು ಸಿಟ್ಟಾಗಲಿಲ್ಲ. "ತಮ್ಮಾ, ದೇವರ ಯಾರಿಗೂ ಉಣ್ಣ ಅಂದಿಲ್ಲ. ಮೊದಲ ಆಕಿನ್ನ ಇಳಸ್ರಿ," ಎಂದು ತಾನೇ ತಕ್ಕಡಿ ಹಿಡಿದುಕೊಂಡ. ಚಕ್ಕಡಿ ಹೂಡಿಸಿದವನೂ ಅವನೇ.

ಜಮಖಂಡಿಯ ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು. ಬರೀ ಬೆರಳು ತೆಗೆದರೆ ಸಾಕಾಗುವ ಹಂತ ದಾಟಿದೆ, ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾದೀತು, ಈ ವಾರದಲ್ಲೇ ಮಿರಜಿಗೆ ಒಯ್ಯದಿದ್ದರೆ ಜೀವಕ್ಕೇ ಹೇಳಲಾಗದು ಎಂದರು. ಸೂಜಿ ಹಾಕಿ ಕಳಿಸಿದರು. ಅಂದೇ ಒಯ್ಯಬೇಕಿತ್ತು. ಆದರೆ ನಿಮ್ಮ ಅವ್ವ ಚಕ್ಕಡಿಯನ್ನು ಸಾವಳಗಿಗೆ ತಿರುಗಿಸಿದಳು. "ಸೊಸಿ ಕಾಲ ಕೊಯ್ಯಾಕ ನಾ ಹೂಂ ಅನ್ನಾಕಿ ಅಲ್ಲ. ನನ್ನ ಮಗ ಬಂದು ಅನ್ನಲಿ," ಎಂಬುದೊಂದೇ ಮಾತು. ಅಕ್ಕನೂ ಅತ್ತೆಯ ಮಾತು ಮೀರುವುದಿಲ್ಲ.

ಮಾವ, ನನಗೆ ಅಕ್ಷರ ಕಲಿಸಿದವರು ನೀವು. ಅವ್ವ ಸತ್ತ ಮೇಲೆ ಅಕ್ಕ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಮ್ಮ ಮನೆಗೆ ಬಂದಾಗ, ಈ ಹುಡುಗ ಯಾಕೆ ಎಂದು ಕೇಳದವರು ನೀವೊಬ್ಬರೇ. ಮೊದಲ ಕಿರುಹೊತ್ತಗೆ ನನ್ನ ಕೈಗಿಟ್ಟವರೂ ನೀವೇ. ಆದ್ದರಿಂದ ನಿಮಗೇ ಕೇಳುತ್ತೇನೆ. ಮುಂಬಯಿ ಸರಕಾರ ಶೆರೆ ಕುಡಿಯುವುದನ್ನು ಕಾಯಿದೆ ಮಾಡಿ ನಿಲ್ಲಿಸಿತು. ಬೇಡವೆಂದವರ ಬಾಯಿಗೆ ಹೋಳಿಗೆ ತುರುಕುವುದಕ್ಕೆ ಯಾವ ಕಾಯಿದೆ ಇದೆ? ಹಸಿದು ಸಾಯುವವರ ಲೆಕ್ಕವನ್ನು ಸರಕಾರ ಇಡುತ್ತದೆ, ಉಣಿಸಿ ಕೊಂದವರ ಹೆಸರು ಎಲ್ಲಿಯೂ ಬರುವುದಿಲ್ಲ. ಉಪಚಾರ ಎಂಬ ಹೆಸರಿನಲ್ಲಿ ನಡೆಯುವ ಬಲಾತ್ಕಾರ ಇದು. ನಿಮ್ಮ ಅವ್ವ ಕೆಟ್ಟವಳಲ್ಲ ಎಂದು ನನಗೆ ಗೊತ್ತು. ಆಕೆ ಮೂರು ದಿನದಿಂದ ಉಂಡಿಲ್ಲ, ಅಕ್ಕನ ಕಾಲ ಬಳಿಯೇ ಕೂತಿದ್ದಾಳೆ. ಆದರೆ ಒಳ್ಳೆಯವರೇ ಇದನ್ನೆಲ್ಲ ಮಾಡುವುದರಿಂದ ಯಾರ ಮೇಲೆ ಕೈ ಎತ್ತಬೇಕೋ ತಿಳಿಯದಾಗಿದೆ.

ನಿಮ್ಮ ಮಗಳು ತಾರವ್ವ ನಿಮ್ಮ ಹತ್ತಿರ ಇದ್ದುಕೊಂಡು ಸಾಲಿ ಕಲಿಯುತ್ತಿರುವುದು ಒಳ್ಳೆಯದೇ ಆಯಿತು. ಅವಳಿಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ. ಕಾಲಿನ ವಿಷಯ ಈಗಲೇ ಹೇಳಬೇಡಿರಿ. ನೀವು ಧೈರ್ಯದಿಂದ ಇರಿ. ನಾನು ಅಕ್ಕನ ಬಳಿಯೇ ಇದ್ದೇನೆ.

ನಿಮ್ಮ
ಪರಮಾನಂದ

ತಾ. ಕ. — ಇದು ಮಂಗಳವಾರ ಮುಂಜಾನೆ. ಪತ್ರ ಮಡಿಸುವ ಮೊದಲು ಅಕ್ಕನಿಗೆ ಓದಿ ತೋರಿಸಿದೆ. ಆಕೆ ಗೋಡೆಗೆ ಒರಗಿ ಕೊನೆಯವರೆಗೂ ಕೇಳಿದಳು. ಆಮೇಲೆ, "ಅತ್ತಿ ಹೆಸರ ತಗಿಯೋ," ಎಂದಳು. ನಾನು ತೆಗೆಯುವುದಿಲ್ಲ ಅಂದೆ.

"ಅತ್ತಿ ಮಾಡಿ ಹಾಕ್ಯಾಳ, ಖರೆ. ಮಾಡು ಅಂತ ಹೇಳ್ದಾಕಿ ನಾನು. ಹರಕಿ ನಂದು."

ಹೋಳಿಹುಣ್ಣಿಮೆಯ ಹೊತ್ತಿಗೆ ನನಗೆ ವಿಷಮಜ್ವರ ಬಂದು ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದೆನಲ್ಲ, ಇನ್ನು ಉಳಿಯುವುದಿಲ್ಲವೆಂದು ನೆಲಕ್ಕೆ ಇಳಿಸುವ ಮಾತೂ ಆಗಿತ್ತಲ್ಲ, ಆಗ ಬೇಡಿಕೊಂಡದ್ದಂತೆ. ನಾನು ಎದ್ದರೆ ಬರುವ ದೀಪಾವಳಿ ಪಾಡ್ಯಕ್ಕೆ ತನ್ನ ಭಾರದ ಬೆಲ್ಲ. ಕೇಳಿದರೆ ನಾನು ಉಗಿಯುತ್ತೇನೆಂದು ಯಾರೂ ನನಗೆ ಹೇಳಲಿಲ್ಲ. ನಿಮಗೂ ಗೊತ್ತಿತ್ತಂತೆ.

ಮೈ ಇಳಿದಿದ್ದರೇನಾಯಿತು, ತಕ್ಕಡಿಗೆ ಎರಡು ಪೆಂಟಿ ಹೆಚ್ಚು ಹಾಕಿದ್ದರೆ ಮುಗಿಯುತ್ತಿರಲಿಲ್ಲವೇ ಎಂದು ಕೇಳಿದೆ. ಆಕೆ ನನ್ನನ್ನು ಸಣ್ಣ ಹುಡುಗನನ್ನು ನೋಡಿದಂತೆ ನೋಡಿದಳು.

"ಹೆಚ್ಚಿಂದು ಅಂಗಡಿ ಬೆಲ್ಲ ಆಗತೈತಿ. ನಾ ಬೇಡಕೊಂಡದ್ದು ನನ್ನ ಭಾರ. ನಿನ್ನ ಜೀವ ಪೂರಾ ಇಸಗೊಂಡು, ಬೆಲ್ಲ ಕಡಿಮಿ ಕೊಟ್ರ ಹೆಂಗೋ? ಪಾಡ್ಯ ಒಂದ ದಾಟಲಿ, ಆಮ್ಯಾಲ ಮತ್ತ ನಿನ್ನ ಪುಸ್ತಕದಂಗ ಇರ್ತೇನಿ ಅಂದಕೊಂಡಿದ್ದೆ."

ಮೇಲೆ ಬರೆದದ್ದನ್ನು ಹರಿಯುವುದಿಲ್ಲ, ನಡೆದದ್ದು ತಪ್ಪೇ. ಆದರೆ ಉಣಿಸಿದವರ ಹೆಸರು ಬರೆಯುವಾಗ ಇನ್ನು ನನ್ನ ಹೆಸರೂ ಬರೆಯಬೇಕು. ನಾನು ಬದುಕಿದ್ದಕ್ಕೆ ಆಕೆ ಉಂಡಳು.

ಪಾದದ ಕೆಂಪು ಈಗ ಕಾಲಗೆಣ್ಣಿನ ಮೇಲಕ್ಕೆ ಬಂದಿದೆ. ಟಪಾಲಿಗೆ ಹಾಕಿದರೆ ತಡವಾಗುತ್ತದೆಂದು ಇದನ್ನು ಬಿಜಾಪುರದ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೇನೆ. ಇವತ್ತು ಸಂಜೆ ನಿಮಗೆ ಮುಟ್ಟುತ್ತದೆ. ನಿಮ್ಮ ಅವ್ವನಿಗೆ ಒಪ್ಪಿಗೆಯ ಎರಡು ಸಾಲು ಬರೆದು ಅದೇ ಕಂಡಕ್ಟರನ ಕೈಯಲ್ಲಿ ಕಳಿಸಿರಿ, ನಾಳೆ ಮುಂಜಾನೆ ಆಕೆಗೆ ಓದಿ ಹೇಳಿ ಅಕ್ಕನನ್ನು ಹೊರಡಿಸುತ್ತೇನೆ. ನೀವು ನಾಳೆ ಬಸ್ಸು ಹಿಡಿದು ನೇರ ಕುಡಚಿಗೆ ಬನ್ನಿರಿ. ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಕುಡಚಿ ಸ್ಟೇಷನ್ನಿನಲ್ಲಿ, ಮಿರಜಿನ ಗಾಡಿ ನಿಲ್ಲುವ ಕಡೆ, ನಾನು ಅಕ್ಕನನ್ನು ಕರೆದುಕೊಂಡು ಕಾಯುತ್ತಿರುತ್ತೇನೆ.