ಪಕ್ಕದ ಅಂಗಡಿಗೆ ಹೋದ ಫೋನು

ಬ್ಯಾಡಗಿ, ೧೪-೩-೨೦೦೮

ಚಿ. ನೀಲಾಳಿಗೆ ಕಾಕಾನ ಆಶೀರ್ವಾದ.

ಇಡೀ ಹಾವೇರಿ ಜಿಲ್ಲೆಗೆ ಇಂಟರ್‌ನೆಟ್ ಫೋನು ತಂದವನೇ ನಾನು. ನೀನು ರಾಣೆಬೆನ್ನೂರಿನಿಂದ ಬಂದು ವಾಯರು ಜೋಡಿಸಿದ್ದು ಅಷ್ಟೇ.

ಇಂಟರ್‌ನೆಟ್ ನಿಂತರೆ ಕರೆಗಳು ತಾವಾಗಿಯೇ ತಿರುಗಿ ಬರಲೆಂದು ನೀನು ನಮ್ಮ ಅಂಗಡಿಯ ಹಳೇ ಫೋನಿನ ನಂಬರು ಹಾಕಿದ್ದೆಯಲ್ಲ, ಅದನ್ನು ನಾನು ತೆಗೆದು, ನನ್ನಂತೆಯೇ ಮೆಣಸಿನಕಾಯಿ ವ್ಯಾಪಾರಿಯಾದ ಪಕ್ಕದ ಅಂಗಡಿಯ ನಾಗನಗೌಡನ ನಂಬರು ಹಾಕಿದೆ. ನನಗೆ ಎಷ್ಟು ಫೋನು ಬರುತ್ತವೆಂದು ತಿಳಿದು ಅವನ ಹೊಟ್ಟೆ ಉರಿಯಲಿ ಎಂದು.

ಸೋಮವಾರ ಮಾರ್ಕೆಟ್ಟಿನಲ್ಲಿ ಕಾಯಿಗೆ ದರ ಕೂಗುವ ಟೆಂಡರಿನ ಹೊತ್ತಿಗೇ ಇಂಟರ್‌ನೆಟ್ ಹೋಯಿತು. ವರ್ಷಾನುಗಟ್ಟಲೆ ನನ್ನ ಹತ್ತಿರವೇ ಕೊಳ್ಳುತ್ತಿದ್ದ ಮಧುರೈ ಸಾವಕಾರರ ಫೋನು ಅವನಲ್ಲಿಗೆ ಹೋಯಿತು. ಮಾಲು ಅವನೇ ಕಳಿಸಿದ. ಕೇಳಿದರೆ, "ನನ್ನ ಅಂಗಡ್ಯಾಗ ಫೋನ್ ಬಂತು, ಎತ್ತಿದೆ. ಕಾಯಿ ಐತೇನು ಅಂದ್ರು, ಐತಿ ಅಂದೆ. ಸುಳ್ಳು ಹೇಳಬೇಕಿತ್ತೇನೋ ಉಡಚಪ್ಪ?" ಎಂದು ಎಲೆಗೆ ಸುಣ್ಣ ಹಚ್ಚುತ್ತ ಕುಳಿತ. ಈಗ ಸಾವಕಾರರು ನೇರ ಅವನಿಗೇ ಫೋನು ಮಾಡುತ್ತಾರೆ.

ಅವತ್ತು ಹೇಗೋ ನಂಬರು ಬದಲಿಸಿಬಿಟ್ಟೆ, ಈಗ ಮರಳಿ ಬದಲಿಸಲು ನನ್ನಿಂದ ಆಗುತ್ತಿಲ್ಲ. ಭಾನುವಾರ ಬಾ, ಬಸ್ ಚಾರ್ಜು ಕೊಡುತ್ತೇನೆ. ಕಾಕಿ ಕೇಳಿದರೆ ಸುಮ್ಮನೆ ಮಾತಾಡಿಸಲು ಬಂದೆ ಎನ್ನು.

ಸಾವಕಾರರಿಗೆಂದೇ ಹಿಡಿದಿಟ್ಟಿದ್ದ ಮುನ್ನೂರು ಚೀಲ ಇಳಿದ ದರಕ್ಕೆ ಹೋದವು. ಐದು ಸಾವಿರ ಲುಕ್ಸಾನು ಎಂದು ಕಾಕಿಗೆ ಹೇಳಿದ್ದೇನೆ. ಖರೇ ಹೋದದ್ದು ಅರವತ್ತೊಂದು ಸಾವಿರ.

ನಿನ್ನ ಕಾಕಾ,
ಉಡಚಪ್ಪ