ಅವ್ವನ ಮೈ ಮ್ಯಾಲ ನನ್ನ ಫೋಟೋ

ಜೂನ್ 8, ಭಾನುವಾರ

ಮತ್ತ ಮೋಡ. ಸಿಟ್ಟು ಬರ್ತೈತಿ. ಹತ್ತರ ಮ್ಯಾಲ ಚೂರು ಬಿಸಿಲು ಬಂತು. ಅಪ್ಪ ಮಗ್ಗದಿಂದ ಇಳಿಸಿದ ನೇರಳೆ ಸೀರಿ ಗ್ವಾಡಿಗೆ ಇಳಿಬಿಟ್ಟೆ. ಮುಂದ ನೀರು ತುಂಬಿದ ಗಾಜಿನ ಲೋಟ ಸಾಲಾಗಿ. ನೀರಿನ್ಯಾಗಿಂದ ನೋಡಿದ್ರ ಜರಿ ಅಂಚು ಬಾಗತೈತಿ, ಎಡಕಿಂದು ಬಲಕ್ಕ ಬರತೈತಿ. ಒಂದು ಲೋಟದಾಗ ಗುಳ್ಳಿ ಕುಂತಿತ್ತು. ತಟ್ಟಿದ್ರೂ ಹೋಗಲಿಲ್ಲ. ಇರಲಿ ಅಂತ ಫೋಟೋ ತಗದೆ. ಅದೇ ಎಲ್ಲಾದಕ್ಕಿಂತ ಚೊಲೋ ಬಂತು.

ಅಪ್ಪ ನೋಡಿ ಅಂದ, "ನಾ ನೆಟ್ಟಗ ನೇದಿದ್ನಲ್ಲವಾ ಸ್ರವಂತಿ, ನೀ ಯಾಕ ಸೊಟ್ಟ ಮಾಡಿದಿ?"

ಜೂನ್ 11

ಸಾಯಿಪ್ರಸಾದ್ ಭಾವ ಬಂದಿದ್ರು. ಹರಿತಾ ಅಕ್ಕನ ಗಂಡ. ಮಕ್ತಲದಾಗ ಸೀರಿ ಅಂಗಡಿ. ಅಪ್ಪ ನೇದದ್ದೆಲ್ಲ ಅವರೇ ಒಯ್ಯೋದು. ಫೋಟೋ ನೋಡಿ, "ಒರಿಜಿನಲ್ ಫೈಲ್ ಕಳಸು, ಅಂಗಡ್ಯಾಗ ಫ್ರೇಮ್ ಹಾಕಸ್ತೀನಿ" ಅಂದ್ರು. ಕಳಿಸಿದೆ.

ಆಗಸ್ಟ್ 20



ಅವ್ವ ಅಕ್ಕನ ಮನಿಯಿಂದ ಬಂದಳು, ಹೊಸ ಸೀರಿ ಉಟ್ಟು. "ಅಳಿಯ ಕೊಟ್ಟಾನ. ಪಾಲಿಸ್ಟರ್. ಎಷ್ಟು ಹಗೂರ ಐತಿ ನೋಡು." ಸೆರಗು ಹರವಿದಳು. ನೇರಳೆ. ಬಾಗಿದ ಅಂಚು. ಲೋಟ. ಗುಳ್ಳಿ... ಸೀರಿ ತುಂಬ ಅದೇ ಗುಳ್ಳಿ! ನನ್ನ ಫೋಟೋನೇ ಪ್ರಿಂಟ್ ಹೊಡಿಸ್ಯಾನ.

ಫೋನ್ ತಗದು ತೋರಿಸಿದೆ. ಅವ್ವ ಸೆರಗು ನೋಡಿದಳು, ಫೋನ್ ನೋಡಿದಳು. "ಬಾಯಿ ಮಾಡಬ್ಯಾಡ. ಅಕ್ಕನ ಸಂಸಾರ ಐತಿ."

ಬಾಯಿ ಮಾಡಬಾರದಂತ! ಅವ್ವನಿಗೇ ಉಡಿಸಿ ಕಳಸ್ಯಾನಲ್ಲ — ಎಷ್ಟು ಸೊಕ್ಕು!

ಆಗಸ್ಟ್ 21

ಮುಂಜಾನಿ ಬಸ್ಸಿಗೆ ಮಕ್ತಲಕ್ಕ ಹ್ವಾದೆ. ಅಂಗಡಿ ಬಾಗಲಾಗ ಗೊಂಬಿ ಮೈಮ್ಯಾಲ ಅದೇ ಸೀರಿ.

"ಭಾವ, ಇದು ನನ್ನ ಫೋಟೋ."

"ಹೌದವಾ. ಚೊಲೋ ಓಡಾಕತ್ತೈತಿ. ದಸರಾಕ್ಕ ಇನ್ನೊಂದೀಟು ತಗದು ಕೊಡು."

"ನನ್ನ ಕೇಳಿದ್ರೇನು?"

"ಕೇಳೋದೇನು? ನೀರು ನಲ್ಲೀದು, ಬಿಸಿಲು ದೇವರದು, ಸೀರಿ ಮಾವಂದು. ಅದರಾಗ ನಿಂದೇನೈತಿ?"

ಗಿರಾಕಿಗಳು ನಕ್ಕರು. ಕಿರಿಚಿದೆ. ಏನಂದೆ, ನೆನಪಿಲ್ಲ. ಅಕ್ಕ ಒಳಗಿಂದ ಬಂದು ನಿಂತಳು. ನನ್ನ ಕಡೆ ನೋಡಲಿಲ್ಲ. ಆಕಿಗೂ ಗೊತ್ತಿತ್ತು.

ಆಗಸ್ಟ್ 25

ಅಪ್ಪಗ ಎಲ್ಲಾ ಹೇಳಿದೆ. ಕೇಳಿ ಮತ್ತ ಮಗ್ಗಕ್ಕ ಕುಂತ. ಲೋಟ ಒಂದು ಒಡದೆ. ಬೇಕಂತಲೇ.

ಆಗಸ್ಟ್ 31, ಸಂಜಿಕ

ಭಾವ ಬಂದ, ಸೀರಿ ಒಯ್ಯಾಕ. ಏನೂ ಆಗೇ ಇಲ್ಲ ಅನ್ನೋರಂಗ ಚಾ ಕುಡದ. ಅಪ್ಪ ಮಗ್ಗ ಬಿಟ್ಟು ಏಳಲಿಲ್ಲ.

"ಸೀರಿ ಆಗಿಲ್ಲೇನ್ರಿ ಮಾವ?"

"ಆಗ್ಯಾವ. ಸ್ರವಂತಿನ್ನ ಕೇಳ್ರಿ. ಆಕಿ ಹೂಂ ಅಂದ್ರ ಒಯ್ರಿ."

ಅಪ್ಪ ಹಿಂಗಂತಾನಂತ ನನಗೂ ಗೊತ್ತಿರಲಿಲ್ಲ. ಅಡಿಗಿ ಮನಿ ಬಾಗಲಾಗ ಅವ್ವ, ಬ್ಯಾಡ ಅಂತ ಕಣ್ಣಿನ್ಯಾಗೇ ಬೇಡಾಕತ್ತಿದ್ದಳು.

"ಇಲ್ಲ" ಅಂದೆ.

"ಹಂಗಾರ ಹರಿತಾನ್ನ ಇಲ್ಲಿಗೇ ಕಳಸ್ತೀನಿ, ಇಟಗೋರಿ." ಗಾಡಿ ಚಾಲೂ ಮಾಡಿ ಹ್ವಾದ.

ಅವ್ವ ಅತ್ತಳು. ನನ್ನ ಬೈದಳು. ಅಪ್ಪ ಮತ್ತ ನೇಯಾಕ ಹತ್ತಿದ.

ಸೆಪ್ಟೆಂಬರ್ 3

ಅಕ್ಕ ಬಂದಾಳ. ಅವ ಕಳಿಸಿಲ್ಲ, ತಾನೇ ಬಂದಾಳ. ಕೆನ್ನಿ ಬಾತೈತಿ.

"ತಂಗೀದು ಕದ್ದೀರಿ ಅಂದೆ. ಹೊಡದ."

ಅವ್ವ ಮೈಮ್ಯಾಲಿನ ಪಾಲಿಸ್ಟರ್ ಸೀರಿ ಬಿಚ್ಚಿ ಮೂಲಿಗೆ ಒಗದಳು. ಹಳೇದು ಉಟ್ಟಳು.

ಹೊರಗ ಗಾಡಿ ಸಪ್ಪಳ. ಅವನೇ. ಅಪ್ಪ ಏಳೋದ್ರಾಗ ಅವ್ವನೇ ಬಾಗಲಿಗೆ ಹೋಗಿ ಅಡ್ಡ ನಿಂತಳು. ಅಕ್ಕ ನನ್ನ ಎಡಗೈ ಹಿಡಕೊಂಡಾಳ, ಬಿಡವಲ್ಲಳು. ಅವ್ವನ ದನಿ ಹಿಂಗ ಏರಿದ್ದು ನಾ ಯಾವತ್ತೂ ಕೇಳಿಲ್ಲ: "ಮಗಳೂ ಬರೂದಿಲ್ಲ, ಸೀರೀನೂ ಬರೂದಿಲ್ಲ!"